ತಂಗಿಗೊಂದು ಚಾಕೊಲೇಟ್ ಹುಡುಕುತ್ತ...

ನಮ್ಮ ಮನೆಗೆ ಚಾಕೊಲೇಟ್ ಬಂದರೆ ಯಾರೂ ಸೀದಾ ಬಾಯಿಗೆ ಹಾಕುವುದಿಲ್ಲ. ಮೊದಲು ಪೊಟ್ಟಣ ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದುತ್ತೇವೆ. ಆಯಿಯ ಕನ್ನಡಕಕ್ಕೂ ಸಿಗದಷ್ಟು ಸಣ್ಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಳ್ಳುತ್ತೇವೆ. ನೆಂಟರಿಗೆ ಇದೊಂದು ತಮಾಷೆ. ‘ಇಂಜಿನಿಯರಿಂಗ್ ಓದೋ ಹುಡುಗ, ಚಾಕ್ಲೇಟಿಗೂ ಲ್ಯಾಬ್ ಟೆಸ್ಟ್ ಮಾಡ್ತಾನೆ’ ಎಂದು ನಗುತ್ತಾರೆ. ನಗಲಿ. ಮೂರು ವರ್ಷದ ಹಿಂದೆ ತಂಗಿಯ ತುಟಿ ಊದಿ, ಕುತ್ತಿಗೆಯ ತುಂಬ ಗಂಧೆ ಎದ್ದು, ಉಸಿರಿಗೆ ಏದುತ್ತಿದ್ದ ಆ ಸಂಜೆಯನ್ನು ಅವರು ನೋಡಿಲ್ಲ.

ಅವಳು ಆಗ ಎಂಟನೇ ತರಗತಿ. ಶಾಲೆಯ ಪ್ರವಾಸದಲ್ಲಿ ಸೋಯಾ ಚಂಕ್ಸ್ ಹಾಕಿದ ಪಲಾವ್ ತಿಂದು ಬಂದಿದ್ದಳು. ಮನೆಯಲ್ಲಿ ಎಲ್ಲರೂ ಮೊದಲು ದೂರಿದ್ದು ಹಿಂದಿನ ರಾತ್ರಿಯ ಶೆಟ್ಲಿ ಸಾರನ್ನು. ಬೊಬ್ರುವಾಡದಲ್ಲಿ ಹುಟ್ಟಿದ ಹುಡುಗಿಗೆ ಶೆಟ್ಲಿ ಆಗುವುದಿಲ್ಲ ಅಂದರೆ ಏನು ಗತಿ ಎಂದು ಅಜ್ಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಪರೀಕ್ಷೆಯ ವರದಿಯಲ್ಲಿ ಶೆಟ್ಲಿಗೆ ಖುಲಾಸೆ ಸಿಕ್ಕಿತು, ಸೋಯಾ ಸಿಕ್ಕಿಬಿತ್ತು. ಮನೆಯವರಿಗೆಲ್ಲ ಸಮಾಧಾನ. ‘ಸೋಯಾ ತಾನೆ, ನಾವೆಲ್ಲಿ ತಿಂತೇವೆ ಅದನ್ನ?’ ಎಂದರು ಅಜ್ಜಿ. ಅನ್ನ, ತೆಂಗಿನಕಾಯಿ, ಮೀನು, ಒಂದಿಷ್ಟು ಕೋಕಂ. ನಮ್ಮ ಅಡುಗೆಮನೆಯಲ್ಲಿ ಸೋಯಾಬೀನ್‌ಗೆ ಜಾಗವೇ ಇಲ್ಲ, ನಿಜ. ಆದರೆ ಅಂಗಡಿಯಿಂದ ಬರುವ ಪೊಟ್ಟಣಗಳಲ್ಲಿ ಇತ್ತು. ಬಿಸ್ಕೀಟಿನಲ್ಲಿ, ಬ್ರೆಡ್ಡಿನಲ್ಲಿ, ಕೇಕಿನಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ತಂಗಿಗೆ ಪ್ರಾಣವಾಗಿದ್ದ ಚಾಕೊಲೇಟಿನಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ‘ಚಾಕೊಲೇಟಿನಲ್ಲಿ ವಿಷ’ ಎಂಬ ವಿಡಿಯೊಗಳ ಸಾಲಿಗೆ ಈ ಬರಹ ಸೇರುವುದಿಲ್ಲ. ಚಾಕೊಲೇಟಿಗೆ ಹಾಕುವ ಸೋಯಾ ಲೆಸಿತಿನ್ ವಿಷವಲ್ಲ. ಸೋಯಾ ಎಣ್ಣೆಯನ್ನು ಶುದ್ಧ ಮಾಡುವಾಗ ಬೇರೆಯಾಗುವ ಅಂಟಿನಂಥ ಪದಾರ್ಥ ಅದು. ಅಲರ್ಜಿಗೆ ಕಾರಣವಾಗುವ ಸೋಯಾದ ಪ್ರೊಟೀನ್ ಅದರಲ್ಲಿ ಉಳಿಯುವುದು ಬಹಳ ಕಡಿಮೆ. ಸೋಯಾ ಅಲರ್ಜಿ ಇರುವವರಲ್ಲೂ ಹೆಚ್ಚಿನವರಿಗೆ ಲೆಸಿತಿನ್‌ನಿಂದ ಏನೂ ಆಗುವುದಿಲ್ಲ ಎಂದು ನಮ್ಮ ಡಾಕ್ಟರೇ ಹೇಳಿದರು. ಆದರೆ ಕೆಲವರಿಗೆ ಆಗುತ್ತದೆ. ತಂಗಿ ಆ ಕೆಲವರಲ್ಲಿ ಒಬ್ಬಳೋ ಅಲ್ಲವೋ ಎಂಬುದನ್ನು ಮನೆಯಲ್ಲಿ ತಿನ್ನಿಸಿ ನೋಡಿ ತಿಳಿಯುವ ಸಾಹಸ ಬೇಡ, ಸದ್ಯಕ್ಕೆ ದೂರವಿಡಿ ಎಂದರು. ಅದಾಗಿ ಒಂದು ವರ್ಷಕ್ಕೆ ಬೇಕರಿಯೊಂದರ ‘ಹೋಂಮೇಡ್’ ಚಾಕೊಲೇಟ್ ತಿಂದು ಅವಳ ಬಾಯಿಯೆಲ್ಲ ತುರಿಸಿದಾಗ ಆ ಮಾತಿನ ಬೆಲೆ ತಿಳಿಯಿತು. ಆ ಚಾಕೊಲೇಟಿಗೆ ಬಣ್ಣದ ಜರಿ ಕಾಗದ ಸುತ್ತಿತ್ತು, ಏನೇನು ಹಾಕಿದ್ದಾರೆಂಬ ಒಂದಕ್ಷರವೂ ಇರಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಹುಡುಕಾಟ. ಬೇಕಾದದ್ದು ಎರಡು: ಸೋಯಾ ಇರಬಾರದು, ಚಾಕೊಲೇಟ್ ಚೆನ್ನಾಗಿರಬೇಕು. ಇವೆರಡೂ ಒಂದೇ ಅಂದುಕೊಂಡಿದ್ದೆ. ಹೆಚ್ಚು ದುಡ್ಡು ಕೊಟ್ಟರೆ ಒಳ್ಳೆಯದು ಸಿಗುತ್ತದೆ, ಒಳ್ಳೆಯದರಲ್ಲಿ ಸೋಯಾ ಇರುವುದಿಲ್ಲ ಎಂಬ ಲೆಕ್ಕ. ಅಂಗಡಿಯಲ್ಲಿ ನಿಂತು ಓದತೊಡಗಿದ ಮೇಲೆ ಆ ಲೆಕ್ಕ ತಲೆಕೆಳಗಾಯಿತು.

ಪೊಟ್ಟಣದ ಮೇಲೆ ‘ಎಮಲ್ಸಿಫೈಯರ್’ ಎಂದು ಬರೆದು ಮುಂದೆ ಸಂಖ್ಯೆ ಹಾಕಿರುತ್ತಾರೆ. 322, 442, 476. ಪಿಯುಸಿ ರೋಲ್ ನಂಬರಿನಂತೆ ಕಾಣುವ ಇವು ಆಹಾರಕ್ಕೆ ಸೇರಿಸುವ ಪದಾರ್ಥಗಳ ಅಂತರರಾಷ್ಟ್ರೀಯ ಸಂಖ್ಯೆಗಳು. 322 ಅಂದರೆ ಲೆಸಿತಿನ್. 442 ಅಂದರೆ ಅಮೋನಿಯಂ ಫಾಸ್ಫಟೈಡ್, ಸಾಮಾನ್ಯವಾಗಿ ಸಾಸಿವೆಯ ಬಳಗದ ರೇಪ್‌ಸೀಡ್ ಎಣ್ಣೆಯಿಂದ ಮಾಡುತ್ತಾರೆ. 476 ಬರುವುದು ಹರಳೆಣ್ಣೆಯಿಂದ. ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಹರಳೆಣ್ಣೆ ವೇಷ ಮರೆಸಿಕೊಂಡು ಚಾಕೊಲೇಟಿನೊಳಗೆ ಕೂತಿದೆ ಎಂದು ಗೊತ್ತಾದಾಗ ತಂಗಿ ಅರ್ಧ ದಿನ ನಕ್ಕಳು. ಅಂದರೆ ಅಂಗಡಿಯ ಡಬ್ಬಿಯಲ್ಲಿರುವ ಮಾಮೂಲಿ ಬಾರ್‌ನಲ್ಲಿ 442 ಮತ್ತು 476 ಮಾತ್ರ ಇದ್ದು ಸೋಯಾ ಇಲ್ಲದಿರಬಹುದು. ಅದೇ, ಫ್ರಿಜ್ಜಿನೊಳಗೆ ಗತ್ತಿನಿಂದ ಕೂತ ದುಬಾರಿ ವಿದೇಶಿ ಬಾರ್‌ನಲ್ಲಿ ಸೋಯಾ ಲೆಸಿತಿನ್ ಇರಬಹುದು. ಬೆಲೆಗೂ ಸೋಯಾಕ್ಕೂ ಸಂಬಂಧವಿಲ್ಲ.

ಇನ್ನೊಂದು ತೊಡಕಿದೆ. ಸೋಯಾದಿಂದ ತೆಗೆದ ಲೆಸಿತಿನ್ನೂ 322, ಸೂರ್ಯಕಾಂತಿಯಿಂದ ತೆಗೆದದ್ದೂ 322. ನಮ್ಮ ದೇಶದ ನಿಯಮದಂತೆ ಕಂಪನಿಯವರು ಹೆಸರನ್ನಾದರೂ ಬರೆಯಬಹುದು, ಸಂಖ್ಯೆಯನ್ನಾದರೂ ಬರೆಯಬಹುದು. ಹಾಗಾಗಿ ಸಂಖ್ಯೆಯೊಂದನ್ನೇ ನೋಡಿದರೆ ಏನೂ ತಿಳಿಯದು. ಪುಣ್ಯಕ್ಕೆ, ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಗಳಲ್ಲಿ ಅಲರ್ಜಿ ತರುವ ಪದಾರ್ಥಗಳನ್ನು ಬೇರೆಯಾಗಿ ಘೋಷಿಸಬೇಕೆಂದಿದೆ. ಹಾಲು, ಮೊಟ್ಟೆ, ಮೀನು, ಗೋಧಿ, ನೆಲಗಡಲೆಗಳ ಜೊತೆ ಸೋಯಾವೂ ಆ ಪಟ್ಟಿಯಲ್ಲಿದೆ. ಆದ್ದರಿಂದ ನಾವೀಗ ಪದಾರ್ಥಗಳ ಪಟ್ಟಿ ದಾಟಿ ಕೆಳಗಿನ ಆ ಒಂದು ಸಾಲಿಗೆ ಹೋಗುತ್ತೇವೆ. ‘ಸೋಯಾ ಇದೆ’ ಎಂದಿದ್ದರೆ ವಾಪಸ್. ‘ಸೋಯಾ ಇರಬಹುದು’ ಎಂದಿದ್ದರೂ, ಅಂದರೆ ಅದೇ ಯಂತ್ರದಲ್ಲಿ ಸೋಯಾ ಇರುವ ತಿನಿಸೂ ತಯಾರಾಗುತ್ತದೆ ಎಂದಿದ್ದರೂ, ವಾಪಸ್. ನನ್ನ ತಕರಾರು ಇರುವುದು ಆ ಸಾಲಿನ ಭಾಷೆಯ ಬಗ್ಗೆ. ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು, ಬೇರೆ ಭಾಷೆ ಕಂಪನಿಯ ಇಷ್ಟ ಎನ್ನುತ್ತದೆ ನಿಯಮ. ನಮ್ಮ ಅಜ್ಜಿ ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಮೊಮ್ಮಗಳ ಜೀವಕ್ಕೆ ಸಂಬಂಧಪಟ್ಟ ಒಂದೇ ಒಂದು ಸಾಲನ್ನು ಅವರು ಓದಲಾರರು. ಸಿನಿಮಾ ತಾರೆಯ ಚಿತ್ರ ಹಾಕಿ ಕನ್ನಡದಲ್ಲಿ ಜಾಹೀರಾತು ಕೊಡಲು ಕಂಪನಿಗಳಿಗೆ ಬರುತ್ತದೆ, ‘ಸೋಯಾ ಇದೆ’ ಎಂಬ ಎರಡು ಪದವನ್ನು ಕನ್ನಡದಲ್ಲಿ ಅಚ್ಚು ಹಾಕಲು ಬರುವುದಿಲ್ಲವೇ?

ಅಷ್ಟಕ್ಕೂ ಈ ಲೆಸಿತಿನ್ ಯಾಕೆ ಬೇಕು? ಇದಕ್ಕೆ ಉತ್ತರ ಸಿಕ್ಕಿದ್ದು ಫ್ಲುಯಿಡ್ ಮೆಕ್ಯಾನಿಕ್ಸ್ ತರಗತಿಯಲ್ಲಿ. ಕರಗಿದ ಚಾಕೊಲೇಟ್ ನೀರಿನಂತೆ ಹರಿಯುವ ದ್ರವವಲ್ಲ. ಅದರಲ್ಲಿ ನೀರೇ ಇಲ್ಲ. ಕೋಕೊ ಬೆಣ್ಣೆ ಎಂಬ ಕೊಬ್ಬಿನೊಳಗೆ ಸಕ್ಕರೆಯ ಕಣ, ಕೋಕೊದ ಕಣ ಮುಳುಗಿ ಕೂತಿರುತ್ತವೆ. ಒಂದಿಷ್ಟು ಬಲ ಹಾಕುವವರೆಗೆ ಅಲುಗುವುದಿಲ್ಲ, ಅಲುಗಿದ ಮೇಲೆ ಹರಿಯುತ್ತದೆ. ಇದನ್ನು ಲೆಕ್ಕ ಹಾಕಲು ಚಾಕೊಲೇಟ್ ಉದ್ಯಮ ಬಳಸುವ ಕ್ಯಾಸನ್ ಸಮೀಕರಣ ಹುಟ್ಟಿದ್ದು 1959ರಲ್ಲಿ, ಅದೂ ಮುದ್ರಣದ ಶಾಯಿಗಾಗಿ. ಈ ಪುಟದ ಶಾಯಿಗೂ ನಿಮ್ಮ ಕೈಯ ಚಾಕೊಲೇಟಿಗೂ ಸೂತ್ರ ಒಂದೇ. ಸಕ್ಕರೆಯ ಕಣಕ್ಕೂ ಕೊಬ್ಬಿಗೂ ಆಗಿಬರುವುದಿಲ್ಲ, ಒಂದಕ್ಕೊಂದು ತಿಕ್ಕಾಡಿ ಹರಿವು ಮಂದವಾಗುತ್ತದೆ. ಲೆಸಿತಿನ್ ಅಣುವಿನ ಒಂದು ತುದಿ ಸಕ್ಕರೆಗೆ ಅಂಟಿಕೊಳ್ಳುತ್ತದೆ, ಇನ್ನೊಂದು ತುದಿ ಕೊಬ್ಬಿನೊಳಗೆ ಚಾಚುತ್ತದೆ. ಕಣಗಳು ಜಾರಾಡತೊಡಗುತ್ತವೆ. ಮದುವೆ ಮಾತುಕತೆಯಲ್ಲಿ ಎರಡೂ ಕಡೆಗೆ ಬೇಕಾದ ಮಾವನೊಬ್ಬ ಇರುತ್ತಾನಲ್ಲ, ಅಂಥದ್ದೇ ಕೆಲಸ.

ಈ ಕೆಲಸವನ್ನು ಕೋಕೊ ಬೆಣ್ಣೆಯೇ ಮಾಡಬಲ್ಲದು. ಇನ್ನಷ್ಟು ಕೋಕೊ ಬೆಣ್ಣೆ ಹಾಕಿದರೆ ಚಾಕೊಲೇಟ್ ತನ್ನಿಂದ ತಾನೇ ತೆಳುವಾಗಿ ಹರಿಯುತ್ತದೆ. ಪ್ರಶ್ನೆ ಇರುವುದು ದುಡ್ಡಿನಲ್ಲಿ. ಒಂದು ಭಾಗ ಲೆಸಿತಿನ್ ಸುಮಾರು ಹತ್ತು ಭಾಗ ಕೋಕೊ ಬೆಣ್ಣೆಯ ಕೆಲಸ ಮಾಡುತ್ತದೆ. ನೂರು ಕಿಲೋ ಚಾಕೊಲೇಟಿಗೆ 300 ಗ್ರಾಂ ಲೆಸಿತಿನ್ ಹಾಕಿದರೆ ಮೂರು ಕಿಲೋದಷ್ಟು ಕೋಕೊ ಬೆಣ್ಣೆ ಉಳಿಯಿತು. ಕೋಕೊದಲ್ಲಿ ಎಲ್ಲಕ್ಕಿಂತ ತುಟ್ಟಿಯ ಭಾಗವೇ ಆ ಬೆಣ್ಣೆ, ಅದನ್ನು ಕೊಳ್ಳಲು ಸೌಂದರ್ಯವರ್ಧಕ ಮಾಡುವವರೂ ಸಾಲಿನಲ್ಲಿದ್ದಾರೆ. ದಿನಕ್ಕೆ ಟನ್‌ಗಟ್ಟಲೆ ಮಾಡುವ ಕಾರ್ಖಾನೆಗೆ ಈ ಉಳಿತಾಯ ಎಷ್ಟೆಂದು ನೀವೇ ಗುಣಿಸಿ ನೋಡಿ. ರುಚಿಗಾಗಿ ಹಾಕುವುದಲ್ಲ, ಆರೋಗ್ಯಕ್ಕಾಗಿಯೂ ಅಲ್ಲ. ಸ್ವಿಟ್ಜರ್ಲೆಂಡಿನ ರೊಡಾಲ್ಫ್ ಲಿಂಟ್ 1879ರಲ್ಲಿ ಚಾಕೊಲೇಟನ್ನು ತಾಸುಗಟ್ಟಲೆ ಮರ್ದಿಸುವ ಕಾಂಚ್ ಯಂತ್ರ ಕಂಡುಹಿಡಿದು ಬಾಯಲ್ಲಿ ಕರಗುವಂತೆ ಮಾಡಿದಾಗ ಅದರಲ್ಲಿ ಲೆಸಿತಿನ್ ಇರಲಿಲ್ಲ. ಕಾರ್ಖಾನೆಗಳಲ್ಲಿ ಅದರ ಬಳಕೆ ಶುರುವಾದದ್ದೇ 1930ರ ಸುಮಾರಿಗೆ.

ಇನ್ನು ‘ಚೆನ್ನಾಗಿರಬೇಕು’ ಎಂಬ ಎರಡನೇ ಬೇಡಿಕೆ. ಇಲ್ಲಿ ನೋಡಬೇಕಾದದ್ದು ಸೋಯಾಕ್ಕಿಂತ ಮುಖ್ಯವಾಗಿ ಕೊಬ್ಬು ಯಾವುದು ಎಂಬುದನ್ನು. ನಮ್ಮಲ್ಲಿ ಚಾಕೊಲೇಟ್ ಎಂದು ಕರೆಸಿಕೊಳ್ಳಬೇಕಾದರೆ ಕೋಕೊ ಬೆಣ್ಣೆ ಬಿಟ್ಟು ಬೇರೆ ಸಸ್ಯಜನ್ಯ ಕೊಬ್ಬು ಶೇ. 5ನ್ನು ಮೀರಬಾರದು. ಅದಕ್ಕಿಂತ ಹೆಚ್ಚು ತಾಳೆಯ ಕೊಬ್ಬೋ ಇನ್ನೊಂದೋ ಹಾಕಿದರೆ ಅದು ‘ಕಾಂಪೌಂಡ್’. ಬೇಕರಿಗಳ ಕೇಕಿನ ಮೇಲಿನ ಕಪ್ಪು ಪದರ, ಊಟಿ ಮಡಿಕೇರಿಯಿಂದ ಬರುವ ಬಹುಪಾಲು ‘ಹೋಂಮೇಡ್’ ಚಾಕೊಲೇಟ್, ಎಲ್ಲ ಈ ಕಾಂಪೌಂಡ್ ಗಟ್ಟಿಯನ್ನು ಕರಗಿಸಿ ಅಚ್ಚಿಗೆ ಹೊಯ್ದದ್ದು. ಕರಾವಳಿಯಲ್ಲಿ ಅದರದ್ದೇ ರಾಜ್ಯಭಾರ, ಅದಕ್ಕೆ ಕಾರಣವೂ ಇದೆ. ಕೋಕೊ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ಬಾಯಿಗೆ ಹಾಕಿದಾಗ ಸಿಗುವ ಆ ಸುಖಕ್ಕೆ ಇದೇ ಕಾರಣ, ನಮ್ಮ ದೇಹದ ಬಿಸಿ ಅದಕ್ಕಿಂತ ಮೂರು ಡಿಗ್ರಿ ಹೆಚ್ಚು. ಆದರೆ ಅಂಕೋಲೆಯ ಮೇ ತಿಂಗಳ ಮಧ್ಯಾಹ್ನವೂ ಅಷ್ಟೇ ಬಿಸಿ! ಅಸಲಿ ಚಾಕೊಲೇಟ್ ಅಂಗಡಿಯವನ ಕೈಯಲ್ಲೇ ಕರಗುತ್ತದೆ, ತಾಳೆಯ ಕೊಬ್ಬಿನದ್ದು ಗಟ್ಟಿಯಾಗಿ ನಿಲ್ಲುತ್ತದೆ ಮತ್ತು ನಾಲಗೆಯ ಮೇಲೆ ಮೇಣದಂತೆ ಉಳಿಯುತ್ತದೆ.

ಹೀಗಾಗಿ ಎರಡೂ ಬೇಡಿಕೆ ಪೂರೈಸುವ ಬಾರ್ ನನಗೆ ಬೊಬ್ರುವಾಡದಲ್ಲಾಗಲಿ ಅಂಕೋಲೆಯ ಪೇಟೆಯಲ್ಲಾಗಲಿ ಸಿಗಲಿಲ್ಲ. ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗಳನ್ನು ಸುತ್ತಿದೆ. ಗೆಳೆಯನ ಬೈಕಿನಲ್ಲಿ ಮಡಗಾಂವಿಗೆ ಹೋಗಿ ಬಂದೆ. ಕೊಲ್ಲಿಯಿಂದ ಬಂದವರು ಕೊಡುವ ಚಿನ್ನದ ಬಣ್ಣದ ಡಬ್ಬಿಗಳಲ್ಲಿ ಸೋಯಾ ಲೆಸಿತಿನ್ ಇಲ್ಲದ್ದು ಕಂಡದ್ದು ಕಡಿಮೆ. ಕೊನೆಗೆ ಲಿಂಟ್ ಕಂಪನಿಯ ಶೇ. 85ರ ಕಪ್ಪು ಬಾರ್‌ನ ಪದಾರ್ಥಗಳಲ್ಲಿ ಲೆಸಿತಿನ್ ಇಲ್ಲ ಎಂದು ಕಂಡುಕೊಂಡೆ. ಆದರೆ ಅದರ ಕಹಿಗೆ ತಂಗಿ ಮುಖ ಕಿವುಚಿದಳು. ನನಗೋ, ಆ ಒಂದು ಬಾರಿನ ದುಡ್ಡಿನಲ್ಲಿ ಕಾಲೇಜು ಕ್ಯಾಂಟೀನಿನಲ್ಲಿ ನಾಲ್ಕು ದಿನದ ಊಟ ಆಗುತ್ತಿತ್ತಲ್ಲ ಎಂಬ ಸಂಕಟ.

ನಮ್ಮದೇ ರಾಜ್ಯದಲ್ಲಿ ಮಾಡುವವರಿದ್ದಾರೆ ಎಂಬುದು ಆಮೇಲೆ ತಿಳಿಯಿತು. ಮೈಸೂರಿನಲ್ಲಿ 2012ರಲ್ಲಿ ‘ಅರ್ಥ್ ಲೋಫ್’ ಎಂಬ ಹೆಸರಿನಿಂದ ಶುರುವಾಗಿ ಈಗ ‘ನವಿಲುನ’ ಆಗಿರುವ ಪುಟ್ಟ ಕಂಪನಿ ದಕ್ಷಿಣ ಭಾರತದ ಕೋಕೊ ಬೀಜವನ್ನೇ ತಂದು, ಅರೆದು, ಲೆಸಿತಿನ್ ಇಲ್ಲದೆ ಬಾರ್ ಮಾಡುತ್ತದೆ. ತಮಿಳುನಾಡಿನ ‘ಸೋಕ್ಲೆಟ್’, ಆರೊವಿಲ್ಲಿನ ‘ಮೇಸನ್ ಆ್ಯಂಡ್ ಕೊ’ ಮೊದಲಾದವರೂ ಇದೇ ಜಾಡಿನವರು. ಬೀಜದಿಂದ ಬಾರ್‌ವರೆಗೆ ಎಲ್ಲವನ್ನೂ ಒಂದೇ ಕಡೆ ಮಾಡುವ ಇಂಥ ಚಾಕೊಲೇಟುಗಳ ಪದಾರ್ಥಪಟ್ಟಿ ಎಷ್ಟೋ ಸಲ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಕೋಕೊ, ಸಕ್ಕರೆ, ಬೇಕಿದ್ದರೆ ಕೋಕೊ ಬೆಣ್ಣೆ. ನಿಜವಾಗಿ ಚೆನ್ನಾಗಿರುತ್ತವೆ. ಆದರೆ ಇವು ಬೆಂಗಳೂರಿನ ದೊಡ್ಡ ಕೆಫೆಗಳಲ್ಲಿ, ಆನ್‌ಲೈನಿನಲ್ಲಿ ಸಿಗುವವು. ಏಪ್ರಿಲ್ ತಿಂಗಳಲ್ಲಿ ನಾನು ತರಿಸಿದ ಒಂದು ಬಾರ್ ಅಂಕೋಲೆ ತಲುಪುವ ಹೊತ್ತಿಗೆ ಕರಗಿ, ಮತ್ತೆ ಗಟ್ಟಿಯಾಗಿ, ಮೈಮೇಲೆ ಬಿಳಿ ಬೂದಿ ಬಂದಂತಾಗಿತ್ತು. ಅದು ಬೂಷ್ಟಲ್ಲ, ಕೊಬ್ಬು ಮೇಲೆ ಬಂದು ಹರಳುಗಟ್ಟಿದ್ದು, ತಿನ್ನಬಹುದು ಎಂದು ಎಷ್ಟು ಹೇಳಿದರೂ ಆಯಿ ಕೇಳಲಿಲ್ಲ. ಈಗ ಪಂಚಗಂಗಾ ರೈಲಿನಲ್ಲಿ ಬೆಂಗಳೂರಿನಿಂದ ಊರಿಗೆ ಬರುವ ಅಣ್ಣಂದಿರಿಗೆ ಹೇಳಿಡುತ್ತೇನೆ. ರಾತ್ರಿಯ ತಂಪಿನಲ್ಲಿ ಬಂದರೆ ಸುರಕ್ಷಿತ.

ನನಗೆ ಬೇಜಾರಾಗುವುದು ಇಲ್ಲಿಯೇ. ಕೋಕೊ ನಮಗೆ ಪರದೇಶದ ಬೆಳೆಯಲ್ಲ. ಘಟ್ಟದ ಮೇಲೆ ಸಿರ್ಸಿ, ಸಿದ್ದಾಪುರದ ಕೆಲವು ಅಡಿಕೆ ತೋಟಗಳ ನೆರಳಲ್ಲೂ ಕೋಕೊ ಗಿಡಗಳಿವೆ. ದಕ್ಷಿಣ ಕನ್ನಡದಲ್ಲಂತೂ ಅದಕ್ಕೆ ದೊಡ್ಡ ಇತಿಹಾಸವೇ ಇದೆ. 1970ರ ದಶಕದಲ್ಲಿ ಅಲ್ಲಿಯ ಅಡಿಕೆ ಬೆಳೆಗಾರರು ಕೋಕೊ ಹಾಕಿದರು, 1980ರ ಹೊತ್ತಿಗೆ ಬೆಲೆ ಬಿದ್ದು ಕೊಳ್ಳುವವರೇ ಇಲ್ಲದಾಯಿತು. ಆಗ ಕೈ ಹಿಡಿದದ್ದು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಹುಟ್ಟಿದ್ದ ಕ್ಯಾಂಪ್ಕೊ. ಅಡಿಕೆಗೆಂದು ಕಟ್ಟಿದ ಸಹಕಾರಿ ಸಂಸ್ಥೆ ಕೋಕೊವನ್ನೂ ಕೊಳ್ಳಲು ಶುರುಮಾಡಿತು, ಕೊಂಡದ್ದನ್ನು ಏನು ಮಾಡುವುದೆಂದು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. 1986ರಲ್ಲಿ ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ರೈತರೇ ಒಡೆಯರಾದ ಚಾಕೊಲೇಟ್ ಕಾರ್ಖಾನೆ! ಪಕ್ಕದ ವಿಟ್ಲದಲ್ಲಿ ಸಿಪಿಸಿಆರ್‌ಐನ ಪ್ರಾದೇಶಿಕ ಕೇಂದ್ರ ದಶಕಗಳಿಂದ ಕೋಕೊ ತಳಿಗಳ ಮೇಲೆ ಕೆಲಸ ಮಾಡುತ್ತಿದೆ. ಬೀಜ ನಮ್ಮಲ್ಲಿದೆ, ಕಾರ್ಖಾನೆ ನಮ್ಮಲ್ಲಿದೆ, ವಿಜ್ಞಾನಿಗಳೂ ನಮ್ಮಲ್ಲಿದ್ದಾರೆ. ನಾನು ಮಾತ್ರ ಭಟ್ಕಳದಲ್ಲಿ ದುಬೈಯ ಡಬ್ಬಿ ತಿರುಗಿಸುತ್ತ ನಿಂತಿದ್ದೇನೆ.

ಯಂತ್ರದ ಕತೆ ಇನ್ನೂ ಸ್ವಾರಸ್ಯದ್ದು. 2000ದ ದಶಕದಲ್ಲಿ ಅಮೆರಿಕದಲ್ಲಿ ಕೆಲವರು ಮನೆಯಲ್ಲೇ ಬೀಜದಿಂದ ಚಾಕೊಲೇಟ್ ಮಾಡಲು ಹೊರಟರು. ಕಾರ್ಖಾನೆಯ ಯಂತ್ರ ಕೊಳ್ಳಲು ಅವರಲ್ಲಿ ದುಡ್ಡಿರಲಿಲ್ಲ. ತಾಸುಗಟ್ಟಲೆ ಅರೆಯಬಲ್ಲ ಸಣ್ಣ ಯಂತ್ರ ಹುಡುಕುತ್ತ ಹೋದಾಗ ಅವರಿಗೆ ಸಿಕ್ಕಿದ್ದು ಕೊಯಮತ್ತೂರಿನ ಇಡ್ಲಿ ಹಿಟ್ಟಿನ ವೆಟ್ ಗ್ರೈಂಡರ್. ಕಲ್ಲಿನ ತಳ, ಮೇಲೆ ಉರುಳುವ ಎರಡು ಕಲ್ಲು. ಇವತ್ತು ಜಗತ್ತಿನ ಎಷ್ಟೋ ಪುಟ್ಟ ಚಾಕೊಲೇಟ್ ಕಂಪನಿಗಳಲ್ಲಿ ತಿರುಗುತ್ತಿರುವುದು ಅದರದ್ದೇ ಸುಧಾರಿತ ರೂಪ. ಇದನ್ನು ಓದಿದ ದಿನ ನಾನು ಅಡುಗೆಮನೆಗೆ ಹೋಗಿ ನಮ್ಮ ಹಳೆಯ ಗ್ರೈಂಡರನ್ನು ಹೊಸದಾಗಿ ನೋಡಿದೆ. ಆಯಿ ನನ್ನನ್ನು ಅನುಮಾನದಿಂದ ನೋಡಿದಳು.

ಮೊದಲ ಪ್ರಯತ್ನ ಸೋತಿತು. ಸಿದ್ದಾಪುರದ ನೆಂಟರ ತೋಟದಿಂದ ಒಂದು ಚೀಲ ಕೋಕೊ ಕಾಯಿ ತಂದು, ಬಿಳಿ ತಿರುಳಿನ ಸಮೇತ ಬೀಜವನ್ನು ಬಾಳೆಲೆ ಹಾಸಿದ ಬುಟ್ಟಿಯಲ್ಲಿ ಮುಚ್ಚಿಟ್ಟೆ. ಐದಾರು ದಿನ ಹುಳಿಬಂದು ಒಳಗೆ 45 ಡಿಗ್ರಿ ದಾಟಿ ಬಿಸಿಯಾಗಬೇಕು, ಚಾಕೊಲೇಟಿನ ವಾಸನೆಯ ಬೇರು ಇರುವುದು ಅಲ್ಲಿ. ನನ್ನದು ಬಿಸಿಯೇ ಆಗಲಿಲ್ಲ, ಅಷ್ಟು ಸಣ್ಣ ರಾಶಿಗೆ ಬಿಸಿ ಹಿಡಿದಿಡುವ ಶಕ್ತಿಯಿರಲಿಲ್ಲ. ವಿನೆಗರ್ ವಾಸನೆಯ ಬೀಜವನ್ನು ತೆಂಗಿನ ಬುಡಕ್ಕೆ ಹಾಕಿದೆ. ಆಮೇಲೆ ಪುತ್ತೂರು ಕಡೆಯ ಸಹಪಾಠಿಯೊಬ್ಬ ತಮ್ಮ ತೋಟದ, ಸರಿಯಾಗಿ ಹುಳಿಬರಿಸಿ ಒಣಗಿಸಿದ ಎರಡು ಕಿಲೋ ಬೀಜ ತಂದುಕೊಟ್ಟ. ಬಾಣಲೆಯಲ್ಲಿ ನೆಲಗಡಲೆಯಂತೆ ಹುರಿದೆವು. ಸಿಪ್ಪೆ ಬಿಡಿಸಿ ಕೇರುವುದಕ್ಕೆ ಇಂಟರ್ನೆಟ್ಟಿನಲ್ಲಿ ಹೇರ್ ಡ್ರೈಯರ್ ಬಳಸುವ ವಿಡಿಯೊ ನೋಡುತ್ತ ಕೂತಿದ್ದಾಗ ಅಜ್ಜಿ ಮೊರ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಕೇರಿ ಮುಗಿಸಿದರು.

ಸಕ್ಕರೆಯ ಬದಲು ಜೋನಿ ಬೆಲ್ಲ ಹಾಕುವ ಆಸೆ ಇತ್ತು. ಹಾಕಿದ ಒಂದು ಪಾಲು ಹರಿಯುವುದನ್ನೇ ಬಿಟ್ಟು ಮಣ್ಣಿನ ಮುದ್ದೆಯಂತಾಯಿತು. ನೀರಿನ ಪಸೆ ತಾಗಿದರೆ ಚಾಕೊಲೇಟ್ ಹಾಗೆ ಹಟ ಹಿಡಿಯುತ್ತದೆ. ಮಳೆಗಾಲದಲ್ಲಿ ಉಪ್ಪೇ ಡಬ್ಬಿಯೊಳಗೆ ನೀರಾಗುವ ಊರಿನಲ್ಲಿ ಸಕ್ಕರೆಯನ್ನು ಒಣಗಿಸಿಡುವುದೂ ಒಂದು ಕೆಲಸ. ಇಡ್ಲಿ ಹಿಟ್ಟಿಗೆ ಅರ್ಧ ತಾಸು ಸಾಕು, ಇದಕ್ಕೆ 20 ತಾಸಾದರೂ ಬೇಕು, ಕಣಗಳು 20 ಮೈಕ್ರಾನ್ ಹತ್ತಿರ ಬರುವವರೆಗೆ. 30 ದಾಟಿದರೆ ನಾಲಗೆಗೆ ಮರಳು ಮರಳು. ಮೋಟಾರಿಗೆ ಎರಡು ತಾಸಿಗೊಮ್ಮೆ ವಿಶ್ರಾಂತಿ, ನಡುವೆ ಮೂರು ಸಲ ಕರೆಂಟ್ ಹೋಯಿತು. ಎರಡನೇ ದಿನ ಸಂಜೆ ಹಿಟ್ಟು ನಯವಾಯಿತು, ಆದರೆ ದಪ್ಪ. ಪುಸ್ತಕದಲ್ಲಿ ಓದಿದ್ದು ಕಣ್ಣೆದುರೇ ಇತ್ತು. ಇಲ್ಲಿ ಒಂದು ಚಿಟಿಕೆ ಲೆಸಿತಿನ್ ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ನಾನು ತರಿಸಿಟ್ಟಿದ್ದ ಕೋಕೊ ಬೆಣ್ಣೆಯನ್ನು ಕರಗಿಸಿ ಹಾಕಿದೆ, ಹರಿಯಿತು. ಆ ಬೆಣ್ಣೆಯ ಬಿಲ್ಲನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ.

ತಂಗಿ ಮೊದಲ ತುಂಡು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಕಷಾಯದ ಹಾಂಗಿದೆ’ ಎಂದಳು. ಮತ್ತೊಂದು ತುಂಡು ತೆಗೆದುಕೊಂಡಳು. ಆಮೇಲೆ ಮತ್ತೊಂದು. ಯಾವ ಸಾಲನ್ನೂ ಓದದೆ ಅವಳು ಚಾಕೊಲೇಟ್ ತಿಂದದ್ದು ಮೂರು ವರ್ಷದಲ್ಲಿ ಅದೇ ಮೊದಲು.

ಹಾಗೆಂದು ಎಲ್ಲರೂ ಮನೆಯಲ್ಲಿ ಚಾಕೊಲೇಟ್ ಅರೆಯಿರಿ ಎಂದು ನಾನು ಹೇಳಲಾರೆ. ಅದು ಹುಚ್ಚು, ಕರೆಂಟ್ ಬಿಲ್ ಬೇರೆ. ಆದರೆ ಈ ಹುಚ್ಚಿನಿಂದ ನನಗೆ ಒಂದು ವಿಷಯ ಖಾತ್ರಿಯಾಯಿತು: ಸೋಯಾ ಇಲ್ಲದೆ ಒಳ್ಳೆಯ ಚಾಕೊಲೇಟ್ ಮಾಡಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ, ಸ್ವಲ್ಪ ಹೆಚ್ಚು ಕೋಕೊ ಬೆಣ್ಣೆಯ ಖರ್ಚಿದೆ ಅಷ್ಟೆ. ಆ ಖರ್ಚನ್ನು ಈಗ ‘ಪ್ರೀಮಿಯಂ’ ಎಂಬ ಹೆಸರಿನಲ್ಲಿ ಹತ್ತು ಪಟ್ಟು ಮಾಡಿ ಮಾರುತ್ತಿದ್ದಾರೆ. ಸಣ್ಣ ಕಂಪನಿಗಳನ್ನು ನಾನು ದೂರುವುದಿಲ್ಲ. ಕೈಯಿಂದ ಮಾಡುವವರಿಗೆ ಅಗ್ಗದಲ್ಲಿ ಕೊಡಲಾಗದು. ಅದೂ 2024ರಲ್ಲಿ ಕೋಕೊ ಬೆಲೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿ ಎಲ್ಲರ ಲೆಕ್ಕವನ್ನೂ ಕೆಡಿಸಿತ್ತು. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೊ ಕೊಡುವ ಐವರಿ ಕೋಸ್ಟ್, ಘಾನಾಗಳಲ್ಲಿ ಫಸಲು ಕೆಟ್ಟದ್ದಕ್ಕೆ ಪುತ್ತೂರಿನ ಬೆಳೆಗಾರನ ಮುಖ ಅರಳಿತ್ತು, ಮರುವರ್ಷ ಬೆಲೆ ಮತ್ತೆ ಇಳಿಯಿತು.

ಆದರೆ ದಿನಕ್ಕೆ ಟನ್‌ಗಟ್ಟಲೆ ಮಾಡುವ ಶಕ್ತಿಯಿರುವ, ಬೆಳೆಗಾರರದ್ದೇ ಆದ ಸಂಸ್ಥೆ ಮನಸ್ಸು ಮಾಡಿದರೆ? ಕೋಕೊ, ಕೋಕೊ ಬೆಣ್ಣೆ, ಸಕ್ಕರೆ, ಇಷ್ಟೇ ಇರುವ ಒಂದು ಪುಟ್ಟ ಬಾರ್. ಶೇ. 85ರ ಕಹಿ ಬೇಡ, 55 ಇದ್ದರೆ ಸಾಕು. ಮೇಲೆ ಕನ್ನಡದಲ್ಲಿ ‘ಸೋಯಾ ಇಲ್ಲ’. ಬೆಲೆ ಹಾಲು ಚಾಕೊಲೇಟಿಗಿಂತ ಐದೋ ಹತ್ತೋ ರೂಪಾಯಿ ಹೆಚ್ಚಿರಲಿ. ಅಲರ್ಜಿ ಇರುವವರು ಎಷ್ಟು ಮಂದಿ, ಅವರಿಗಾಗಿ ಯಾರು ಮಾಡುತ್ತಾರೆ ಎಂದು ನನ್ನ ರೂಮ್‌ಮೇಟ್ ಕೇಳಿದ. ಸರಿಯಾದ ಪ್ರಶ್ನೆಯೇ. ನನ್ನ ಉತ್ತರ: ಆ ಬಾರನ್ನು ಅಲರ್ಜಿ ಇರುವವರಷ್ಟೇ ತಿನ್ನಬೇಕಿಲ್ಲ. ಹೆಚ್ಚು ಕೋಕೊ ಬೆಣ್ಣೆಯ ಬಾರ್ ಎಲ್ಲರಿಗೂ ರುಚಿಯೇ, ಹೆಚ್ಚು ಕೋಕೊ ಹೋದರೆ ಬೆಳೆಗಾರನಿಗೂ ಲಾಭವೇ.

ನಮ್ಮ ಓರಗೆಯವರಿಗೆ ಇನ್ನೊಂದು ಮಾತು. ಬಿಇ ಮುಗಿಸಿದ ಮೇಲೆ ಪಂಚಗಂಗಾ ಹತ್ತಿ ಬೆಂಗಳೂರಿಗೆ ಹೋಗುವುದೊಂದೇ ದಾರಿ ಎಂದು ನಾವೆಲ್ಲ ನಂಬಿದ್ದೇವೆ, ನಾನೂ ಬಹುಶಃ ಹೋಗುತ್ತೇನೆ. ಆದರೆ ಈ ಕೆಲಸದಲ್ಲಿ ಇಂಜಿನಿಯರಿಗೆ ಎಷ್ಟೊಂದು ಜಾಗವಿದೆ ನೋಡಿ. ಸಣ್ಣ ರಾಶಿಯೂ ಬಿಸಿ ಹಿಡಿಯುವ ಹುಳಿಪೆಟ್ಟಿಗೆ ಬೇಕು, ನನಗೆ ಸೋಲು ತಂದದ್ದು ಅದೇ. ಕರಾವಳಿಯ ತೇವದಲ್ಲಿ ಬೀಜ ಒಣಗಿಸುವ ಡ್ರೈಯರ್ ಬೇಕು. ಮೇ ತಿಂಗಳಲ್ಲಿ ಚಾಕೊಲೇಟ್ ಕರಗದಂತೆ ಸಿರ್ಸಿಯಿಂದ ಕಾರವಾರಕ್ಕೆ ಒಯ್ಯುವ ಅಗ್ಗದ ಪೆಟ್ಟಿಗೆ ಬೇಕು. ನಮ್ಮ ಫೈನಲ್ ಇಯರ್ ಪ್ರಾಜೆಕ್ಟುಗಳಲ್ಲಿ ಎಷ್ಟೋ ಪೇಟೆಯಿಂದ ಕೊಂಡು ತಂದು ಬಣ್ಣ ಬಳಿದವು, ಗೊತ್ತಿರುವ ಗುಟ್ಟೇ. ಅದರ ಬದಲು ಇಂಥದ್ದೊಂದನ್ನು ಮಾಡಬಾರದೇಕೆ? ಸಣ್ಣ ಆಹಾರ ಘಟಕಗಳಿಗೆಂದು 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಾಲಕ್ಕೆ ಹೊಂದಿಕೊಂಡ ಸಹಾಯಧನವಿತ್ತು. ಹಪ್ಪಳ, ಉಪ್ಪಿನಕಾಯಿಗೆ ಅದನ್ನು ಪಡೆದವರನ್ನು ಬಲ್ಲೆ. ಚಾಕೊಲೇಟಿಗೆ ಪಡೆದವರು ನಮ್ಮ ತಾಲ್ಲೂಕಿನಲ್ಲಿ ನನಗೆ ಸಿಕ್ಕಿಲ್ಲ. ಸಿಕ್ಕರೆ ಮೊದಲ ಗಿರಾಕಿ ನಮ್ಮ ಮನೆಯಲ್ಲಿದ್ದಾಳೆ.

ನನ್ನ ಆರನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ವಿಟ್ಲಕ್ಕೆ ಹೋಗಿ ಹುಳಿಬರಿಸುವುದನ್ನು ಸರಿಯಾಗಿ ನೋಡಿ ಬರುವ ಯೋಚನೆಯಿದೆ. ಅಲ್ಲಿಯವರೆಗೆ ಅಂಗಡಿಯೇ ಗತಿ. ಮೊದಮೊದಲು ನಾನು ಪೊಟ್ಟಣ ತಿರುಗಿಸಿದಾಗಲೆಲ್ಲ ನಮ್ಮೂರ ಅಂಗಡಿಯವರು, ‘ಎಂತ ತಮಾ, ಡೇಟ್ ಬಾರ್ ಆಗಿದ್ದು ಇಡುದಿಲ್ಲ ನಾನು’ ಎಂದು ಬೇಸರ ಮಾಡಿಕೊಳ್ಳುತ್ತಿದ್ದರು. ಒಂದು ದಿನ ತಂಗಿಯ ವಿಷಯ ಹೇಳಿದೆ. ಕಳೆದ ವಾರ ಹಾಲು ತರಲು ಹೋದಾಗ ಅವರೇ ಕರೆದರು. ಹೊಸದಾಗಿ ಬಂದ ಡಬ್ಬಿಯೊಂದನ್ನು ಒಡೆದು ಪಕ್ಕಕ್ಕಿಟ್ಟಿದ್ದರು. ‘ಇದ್ರಲ್ಲಿ ಮುನ್ನೂರಾ ಇಪ್ಪತ್ತೆರಡು ಇಲ್ಲ ತಮಾ, ನಾಕ್ನೂರಾ ನಲ್ವತ್ತೆರಡು. ಕೆಳಗಿನ ಸಾಲು ನಂಗೆ ಕಾಣುದಿಲ್ಲ, ನೀನೇ ಓದು’ ಎಂದರು.